ನೀಲಿ ಚಿಟ್ಟೆಗಳ ಹಿಂದೆ ಹೋದ ನಬೊಕೊವ್

ವ್ಲಾದಿಮಿರ್ ನಬೊಕೊವ್ ಅನ್ನೋ ಹೆಸರು ಕೇಳಿದ ತಕ್ಷಣ ಹೆಚ್ಚಿನವರಿಗೆ ನೆನಪಾಗೋದು ‘ಲೋಲಿಟಾ’ ಕಾದಂಬರಿ. ಓದದೇ ಇದ್ದವರಿಗೂ ಅದು ಗಲಾಟೆ ಎಬ್ಬಿಸಿದ ಪುಸ್ತಕ ಅಂತ ಗೊತ್ತಿರುತ್ತೆ. ಆದರೆ ಪ್ರಪಂಚದಲ್ಲಿ ಇನ್ನೊಂದು ಚಿಕ್ಕ ಗುಂಪು ಇದೆ. ಅವರಿಗೆ ನಬೊಕೊವ್ ಅಂದ್ರೆ ಮೊದಲು ಕಾದಂಬರಿಕಾರರಲ್ಲ, ಹೆಬ್ಬೆರಳಿನ ಉಗುರಿನಷ್ಟು ಪುಟ್ಟ ನೀಲಿ ಚಿಟ್ಟೆಗಳನ್ನು ಒಂದರಿಂದ ಒಂದು ಬೇರೆ ಮಾಡಿ ಗುರುತಿಸಿದವರು.

ಅವರಿಗೆ ಪ್ರಾಣಿಶಾಸ್ತ್ರದಲ್ಲಿ ಡಿಗ್ರಿ ಇರಲಿಲ್ಲ. ಚಿಟ್ಟೆ ಅವರ ಹೊಟ್ಟೆಪಾಡೂ ಆಗಿರಲಿಲ್ಲ, ಹವ್ಯಾಸವಾಗಿತ್ತು. ಆದರೆ 1945ರಲ್ಲಿ ಆ ಹವ್ಯಾಸದ ಮೇಲೆ ನಿಂತು ಅವರು ಬರೆದ ಒಂದು ಊಹೆ 2011ರಲ್ಲಿ ಡಿಎನ್‌ಎ ಪರೀಕ್ಷೆಯಲ್ಲಿ ಸರಿ ಅಂತ ಸಾಬೀತಾಯ್ತು. ಅಷ್ಟು ಹೊತ್ತಿಗೆ ಅವರು ತೀರಿಹೋಗಿ 34 ವರ್ಷ ಆಗಿತ್ತು.

ಕ್ಯಾಂಪಸ್‌ನಲ್ಲಿ ಚಿಟ್ಟೆ ಫೋಟೋ ತೆಗೆಯೋರಿಗೆ ಈ ಕಥೆ ಬೇಗ ಹತ್ತಿರವಾಗುತ್ತೆ. ಯಾಕಂದ್ರೆ ನಮ್ಮ ಹುಲ್ಲುಹಾಸಿನ ಮೇಲೂ ಅಂಥ ಪುಟ್ಟ ನೀಲಿ ಚಿಟ್ಟೆಗಳು ಹಾರಾಡ್ತಾವೆ. ಕಾಲ ಕೆಳಗಿಂದ ಎದ್ದು ಎರಡು ಹೆಜ್ಜೆ ದೂರದಲ್ಲಿ ಮತ್ತೆ ಕೂರ್ತಾವೆ. ಎಲ್ಲವೂ ಒಂದೇ ಥರ ಕಾಣಿಸ್ತಾವೆ. ಫೋಟೋ ತೆಗೆದು ಹತ್ತಿರದಿಂದ ನೋಡಿದಾಗ ಮಾತ್ರ ಅವು ಎರಡೋ ಮೂರೋ ಬೇರೆ ಬೇರೆ ಪ್ರಭೇದ ಅಂತ ಗೊತ್ತಾಗುತ್ತೆ. ನಬೊಕೊವ್ ಜೀವನದ ದೊಡ್ಡ ಭಾಗ ಕಳೆದದ್ದು ಇದೇ ಕೆಲಸದಲ್ಲಿ.

ನಬೊಕೊವ್ ಹುಟ್ಟಿದ್ದು 1899ರ ಏಪ್ರಿಲ್‌ನಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತುಂಬಾ ಶ್ರೀಮಂತ ಮನೆತನ. ಅಪ್ಪ ಕಾನೂನು ಪಂಡಿತರು, ರಾಜಕಾರಣಿ, ಝಾರ್ ಚಕ್ರವರ್ತಿಯ ನಿರಂಕುಶ ಆಡಳಿತವನ್ನು ವಿರೋಧಿಸಿದವರು. ಮನೆಯಲ್ಲಿ ಇಂಗ್ಲಿಷ್, ಫ್ರೆಂಚ್, ರಷ್ಯನ್ ಮೂರೂ ಭಾಷೆ ಓಡಾಡ್ತಿದ್ವು. ಒಂದು ದಿನ ಅಪ್ಪನಿಗೆ ಗೊತ್ತಾಯ್ತು, ಮಗ ಇಂಗ್ಲಿಷ್ ಚೆನ್ನಾಗಿ ಓದ್ತಾನೆ, ಬರೀತಾನೆ, ಆದರೆ ರಷ್ಯನ್ ಅಕ್ಷರ ಬರೋದಿಲ್ಲ. ತಕ್ಷಣ ಹಳ್ಳಿಯ ಶಾಲೆಯ ಮೇಷ್ಟ್ರನ್ನು ಕರೆಸಿ ರಷ್ಯನ್ ಕಲಿಸೋಕೆ ಏರ್ಪಾಟು ಮಾಡಿದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಮನೆಯ ಭಾಷೆಯ ಅಕ್ಷರಗಳನ್ನು ಆಮೇಲೆ ಗಟ್ಟಿ ಮಾಡಿಕೊಂಡ ನಮ್ಮಂಥವರಿಗೆ ಇದು ಹೊಸ ವಿಷಯ ಏನಲ್ಲ.

ಬೇಸಿಗೆಯಲ್ಲಿ ಮನೆಮಂದಿ ಎಲ್ಲ ಊರಾಚೆಯ ವೀರಾ ಎಸ್ಟೇಟ್‌ಗೆ ಹೋಗ್ತಿದ್ರು. ಚಿಟ್ಟೆಯ ಹುಚ್ಚು ಹತ್ತಿದ್ದು ಅಲ್ಲೇ, ಏಳನೇ ವಯಸ್ಸಿನಲ್ಲಿ. ಮೊದಲ ಚಿಟ್ಟೆ ಒಂದು ಸ್ವಾಲೋಟೇಲ್, ಹಿಂದಿನ ರೆಕ್ಕೆಗೆ ಬಾಲ ಇರೋ ಹಳದಿ-ಕಪ್ಪು ಚಿಟ್ಟೆ. ಮನೆಯ ಕೆಲಸದವರೊಬ್ಬರು ಅದನ್ನು ಟೋಪಿಯಲ್ಲಿ ಹಿಡಿದುಕೊಟ್ಟರು. ನುಸಿಗುಳಿಗೆ ವಾಸನೆಗೆ ರಾತ್ರಿ ಬೆಳಗಾಗೋದರೊಳಗೆ ಸತ್ತುಹೋಗುತ್ತೆ ಅಂತ ಬಟ್ಟೆ ಬೀರುವಿನಲ್ಲಿ ಹಾಕಿ ಮುಚ್ಚಿಟ್ಟರು. ಬೆಳಿಗ್ಗೆ ಏನೋ ತೆಗೆಯೋಕೆ ಅಂತ ಹುಡುಗನ ಟೀಚರಮ್ಮ ಬೀರು ತೆಗೆದರು. ಚಿಟ್ಟೆ ಅವರ ಮುಖದ ಮುಂದೆಯೇ ಹಾರಿ ಕಿಟಕಿ ದಾಟಿ ಹೋಯ್ತು. ಮೊದಲ ಬೇಟೆಯೇ ಕೈತಪ್ಪಿದ ಆ ಘಟನೆಯನ್ನು ನಬೊಕೊವ್ ಮುದುಕರಾಗುವ ತನಕ ಮರೆಯಲಿಲ್ಲ.

ಅದೇ ಮನೆಯ ಉಗ್ರಾಣದಲ್ಲಿ ಹಳೆಯ ಪುಸ್ತಕಗಳ ರಾಶಿ ಸಿಕ್ಕಿತು. ಅದರಲ್ಲಿ ಮರಿಯಾ ಸಿಬಿಲ್ಲಾ ಮೆರಿಯನ್ ಅನ್ನೋ ಚಿತ್ರಕಾರ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿ ಬಿಡಿಸಿದ ಕೀಟಗಳ ಚಿತ್ರಗಳೂ ಇದ್ದವು. ಎಂಟು ವರ್ಷದ ಹುಡುಗ ಆ ಭಾರದ ಪುಸ್ತಕಗಳನ್ನು ಹೊತ್ತು ಕೆಳಗೆ ತಂದ. ಅಪ್ಪನಿಗೂ ಚಿಟ್ಟೆ ಅಂದ್ರೆ ಇಷ್ಟ. 1908ರಲ್ಲಿ ರಾಜಕೀಯ ಕಾರಣಕ್ಕೆ ಅವರಿಗೆ ಮೂರು ತಿಂಗಳು ಜೈಲಾಯ್ತು. ಅಲ್ಲಿಂದ ಬರೆದ ಚೀಟಿಯಲ್ಲೂ ಜೈಲಿನ ಅಂಗಳಕ್ಕೆ ಯಾವ ಯಾವ ಚಿಟ್ಟೆ ಬರ್ತಿದೆ ಅಂತ ಮಗನಿಗೆ ಹೇಳಿಕಳಿಸಿದರು.

ಹುಡುಗನಿಗೆ ಒಂದು ಆಸೆ ಇತ್ತು. ಯಾರೂ ಕಂಡಿರದ ಒಂದು ಪ್ರಭೇದಕ್ಕೆ ತಾನೇ ಹೆಸರಿಡಬೇಕು. ಒಂದು ಪತಂಗ ಹೊಸದು ಅಂತ ಅನ್ನಿಸಿತು. ಅದನ್ನು ವರ್ಣಿಸಿ ಇಂಗ್ಲೆಂಡಿನ ಕೀಟತಜ್ಞರಿಗೆ ಬರೆದ. ಕ್ರೆಚ್‌ಮರ್ ಅನ್ನೋರು ಅದನ್ನು ಎಷ್ಟೋ ಹಿಂದೆಯೇ ವರ್ಣಿಸಿದ್ದಾರೆ ಅಂತ ಉತ್ತರ ಬಂತು. ಆ ನಿರಾಸೆ ಎಷ್ಟಿತ್ತು ಅಂದ್ರೆ, ಮುಂದೆ ಒಂದು ಕಾದಂಬರಿಯಲ್ಲಿ ಕುರುಡಾಗುವ ಪಾತ್ರವೊಂದಕ್ಕೆ ನಬೊಕೊವ್ ಅದೇ ಹೆಸರನ್ನು ಇಟ್ಟು ಸೇಡು ತೀರಿಸಿಕೊಂಡರು.

1916ರಲ್ಲಿ, ಹದಿನೇಳನೇ ವಯಸ್ಸಿಗೆ, ಸೋದರಮಾವನ ಆಸ್ತಿ ಪೂರ್ತಿ ಅವರ ಹೆಸರಿಗೆ ಬಂತು. ಮುಂದಿನ ವರ್ಷ ಕ್ರಾಂತಿ ಆಯ್ತು, ಎಲ್ಲ ಹೋಯ್ತು. ಮನೆಯವರು ದಕ್ಷಿಣದ ಕ್ರೈಮಿಯಾಗೆ ಓಡಿಬಂದರು. ಅಲ್ಲೂ ಹುಡುಗನ ಕೈಯಲ್ಲಿ ಬಲೆ. ಒಮ್ಮೆ ಕಾವಲಿನಲ್ಲಿದ್ದ ಬೊಲ್ಶೆವಿಕ್ ಸೈನಿಕನೊಬ್ಬ ಈತ ಬಲೆ ಬೀಸಿ ಸಮುದ್ರದಲ್ಲಿದ್ದ ಬ್ರಿಟಿಷ್ ಯುದ್ಧನೌಕೆಗೆ ಸಂಜ್ಞೆ ಮಾಡ್ತಿದ್ದಾನೆ ಅಂತ ಹಿಡಿಯೋಕೆ ಬಂದಿದ್ದ. 1919ರಲ್ಲಿ ಕುಟುಂಬ ಸೆವಸ್ತೊಪೋಲ್ ಬಂದರಿನಿಂದ ಒಣಹಣ್ಣು ಸಾಗಿಸುವ ಒಂದು ಗ್ರೀಕ್ ಹಡಗು ಹತ್ತಿ ದೇಶ ಬಿಟ್ಟಿತು. ದಡದಿಂದ ಮಷಿನ್‌ಗನ್ ಗುಂಡು ಹಾರ್ತಿರುವಾಗ ಅಪ್ಪ ಮಗ ಇಬ್ಬರೂ ಡೆಕ್ ಮೇಲೆ ಚೆಸ್ ಆಡ್ತಾ ಕೂತಿದ್ರು. ನಬೊಕೊವ್ ಮತ್ತೆ ಯಾವತ್ತೂ ರಷ್ಯಾಗೆ ಹೋಗಲಿಲ್ಲ.

ಇಂಗ್ಲೆಂಡಿಗೆ ಬಂದು ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜು ಸೇರಿದರು. ಶುರುವಿನಲ್ಲಿ ಪ್ರಾಣಿಶಾಸ್ತ್ರವನ್ನೂ ತೆಗೆದುಕೊಂಡಿದ್ದರು, ಆದರೆ ಬೇಗ ಕೈಬಿಟ್ಟು ಫ್ರೆಂಚ್ ಮತ್ತು ರಷ್ಯನ್ ಸಾಹಿತ್ಯದಲ್ಲಿ ಡಿಗ್ರಿ ಮುಗಿಸಿದರು. ಸಬ್ಜೆಕ್ಟ್ ಬಿಟ್ಟರೂ ಚಿಟ್ಟೆ ಬಿಡಲಿಲ್ಲ. ಕ್ರೈಮಿಯಾದಲ್ಲಿ ಕಂಡ ಚಿಟ್ಟೆಗಳ ಬಗ್ಗೆ ಅವರು ಬರೆದ ಟಿಪ್ಪಣಿ 1920ರಲ್ಲಿ ಇಂಗ್ಲೆಂಡಿನ ಒಂದು ಕೀಟಶಾಸ್ತ್ರ ಪತ್ರಿಕೆಯಲ್ಲಿ ಬಂತು. ಚಿಟ್ಟೆಗಳ ಬಗ್ಗೆ ಅವರು ಬರೆದ ಮೊದಲ ವೈಜ್ಞಾನಿಕ ಲೇಖನ ಅದು. ಆಗ ಅವರಿಗೆ ಸುಮಾರು ಇಪ್ಪತ್ತು ವರ್ಷ, ನಮ್ಮದೇ ವಯಸ್ಸು.

1922ರ ಮಾರ್ಚ್‌ನಲ್ಲಿ ಬರ್ಲಿನ್‌ನಲ್ಲಿ ಒಂದು ಸಭೆ ನಡೀತಿತ್ತು. ಅಲ್ಲಿ ಇನ್ನೊಬ್ಬ ನಾಯಕರ ಮೇಲೆ ಗುಂಡು ಹಾರಿಸೋಕೆ ಬಂದವರನ್ನು ತಡೆಯಲು ಹೋಗಿ ಅಪ್ಪ ಕೊಲೆಯಾದರು. ಕೇಂಬ್ರಿಡ್ಜ್ ಮುಗಿಸಿದ ಮಗ ಬರ್ಲಿನ್‌ನಲ್ಲೇ ನೆಲೆನಿಂತು ಇಂಗ್ಲಿಷ್ ಟ್ಯೂಷನ್, ಟೆನಿಸ್ ಕೋಚಿಂಗ್, ಹೀಗೆ ಸಿಕ್ಕ ಕೆಲಸ ಮಾಡ್ತಾ ರಷ್ಯನ್‌ನಲ್ಲಿ ಕಾದಂಬರಿ ಬರೆದರು. 1925ರಲ್ಲಿ ವೆರಾ ಅವರನ್ನು ಮದುವೆಯಾದರು. 1929ರಲ್ಲಿ ಒಂದು ಕಾದಂಬರಿಯ ಜರ್ಮನ್ ಅನುವಾದಕ್ಕೆ ಸ್ವಲ್ಪ ದುಡ್ಡು ಬಂತು. ಕೈಯಲ್ಲಿ ಕಾಸಿಲ್ಲದ ಜೋಡಿ ಆ ದುಡ್ಡಿನಲ್ಲಿ ಹೋಗಿದ್ದು ಫ್ರಾನ್ಸಿನ ಪಿರೆನೀಸ್ ಬೆಟ್ಟಗಳಿಗೆ, ಚಿಟ್ಟೆ ಹಿಡಿಯೋಕೆ.

ವೆರಾ ಯಹೂದಿ. ಹಿಟ್ಲರನ ಜರ್ಮನಿಯಲ್ಲಿ ಉಳಿಯೋ ಹಾಗಿರಲಿಲ್ಲ. 1937ರಲ್ಲಿ ಫ್ರಾನ್ಸಿಗೆ ಬಂದರು. 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್ ಕಡೆ ಬರ್ತಿದ್ದಾಗ, ಪುಟ್ಟ ಮಗ ದ್ಮಿತ್ರಿಯ ಜೊತೆ ಅಮೆರಿಕದ ಹಡಗು ಹತ್ತಿದರು. ಮೊದಲು ರಷ್ಯಾದಲ್ಲಿ ಬಿಟ್ಟುಬಂದ ಹಾಗೆ ಈ ಸಲವೂ ಕೂಡಿಟ್ಟ ಚಿಟ್ಟೆಗಳನ್ನು ಹಿಂದೆ ಬಿಟ್ಟುಬರಬೇಕಾಯ್ತು. ಭಾಷೆಯನ್ನೂ ಬಿಡಬೇಕಾಯ್ತು. ಅಮೆರಿಕದಲ್ಲಿ ಬದುಕಬೇಕಾದರೆ ಇಂಗ್ಲಿಷ್‌ನಲ್ಲೇ ಬರೆಯಬೇಕು. ರಷ್ಯನ್ ಬಿಟ್ಟ ನೋವು ಅವರಿಗೆ ಕೊನೆಯವರೆಗೂ ಇತ್ತು. ದೇಶ, ಮನೆ, ಅಪ್ಪ, ಭಾಷೆ ಒಂದೊಂದಾಗಿ ಹೋದ ಮೇಲೂ ಜೊತೆಗೆ ಬಂದದ್ದು ಚಿಟ್ಟೆಯ ಹುಚ್ಚು. ಯಾವ ದೇಶಕ್ಕೆ ಹೋದರೂ ಅಲ್ಲಿ ಒಂದು ಹುಲ್ಲುಗಾವಲು ಇರ್ತಿತ್ತು, ಅದರ ಮೇಲೆ ಚಿಟ್ಟೆ ಇರ್ತಿತ್ತು.

1941ರ ಬೇಸಿಗೆಯಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಪಾಠ ಮಾಡೋಕೆ ಕರೆ ಬಂತು. ನಬೊಕೊವ್ ಜೀವಮಾನದಲ್ಲಿ ಕಾರು ಓಡಿಸೋದು ಕಲಿಯಲಿಲ್ಲ. ಅವರ ಹತ್ತಿರ ರಷ್ಯನ್ ಕಲಿಯುತ್ತಿದ್ದ ಡೊರೊಥಿ ಅನ್ನೋರು ತಮ್ಮ ಕಾರಿನಲ್ಲೇ ಇವರನ್ನು ಅಮೆರಿಕದ ಆ ತುದಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ಗೆ ಇಳಿಯುವ ಕಾಲುಹಾದಿಯಲ್ಲಿ, ಜೂನ್ 9ರಂದು, ಒಂದು ಕಂದು ಬಣ್ಣದ ಚಿಟ್ಟೆ ಸಿಕ್ಕಿತು. ಅದು ಯಾರೂ ವರ್ಣಿಸದೇ ಇದ್ದದ್ದು. ಕಾರು ಓಡಿಸಿದವರ ನೆನಪಿಗೆ ಅದಕ್ಕೆ ‘ಡೊರೊಥಿಯಾ’ ಅಂತ ಹೆಸರಿಟ್ಟರು. ಇವತ್ತು ಅದನ್ನು ಬೇರೆ ಪ್ರಭೇದ ಅನ್ನದೆ ಉಪಪ್ರಭೇದ ಅಂತ ಪರಿಗಣಿಸ್ತಾರೆ, ಹೆಸರು ಮಾತ್ರ ಉಳಿದಿದೆ.

ಅದೇ ವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಮ್ಯೂಸಿಯಂಗೆ ಹೋದರು. ಅಲ್ಲಿ ಚಿಟ್ಟೆಗಳ ಸಂಗ್ರಹ ಅಸ್ತವ್ಯಸ್ತವಾಗಿತ್ತು. ನಾನು ಸರಿಮಾಡಿಕೊಡ್ತೀನಿ ಅಂತ ತಾವೇ ಕೇಳಿಕೊಂಡು ಸಂಬಳ ಇಲ್ಲದೆ ಕೆಲಸ ಶುರು ಮಾಡಿದರು. ಮುಂದಿನ ವರ್ಷದಿಂದ ವರ್ಷಕ್ಕೆ ಸುಮಾರು 1,000 ಡಾಲರ್ ಕೊಡೋಕೆ ಶುರು ಮಾಡಿದರು. ಮನೆ ನಡೆಯೋಕೆ ಬೇರೆ ಕಾಲೇಜಿನಲ್ಲಿ ಪಾಠ, ರಾತ್ರಿ ಬರವಣಿಗೆ. ಹೀಗೆ 1948ರವರೆಗೆ ನಡೀತು. ಕೆಲವು ದಿನ ಹದಿನಾಲ್ಕು ಗಂಟೆ ಮೈಕ್ರೋಸ್ಕೋಪ್ ಮುಂದೆ ಕೂರ್ತಿದ್ರು. ಅದರಿಂದ ಅವರ ಕಣ್ಣು ಶಾಶ್ವತವಾಗಿ ಹಾಳಾಯ್ತು.

ಅಷ್ಟು ಹೊತ್ತು ಏನು ನೋಡ್ತಿದ್ರು? ಅವರು ಆರಿಸಿಕೊಂಡದ್ದು ‘ಬ್ಲೂಸ್’ ಅಂತ ಕರೆಯೋ ನೀಲಿ ಚಿಟ್ಟೆಗಳ ಬಳಗ. ಈ ಬಳಗದಲ್ಲಿ ಬಣ್ಣ ನಂಬೋ ಹಾಗಿಲ್ಲ. ಒಂದೇ ಪ್ರಭೇದದ ಗಂಡು ನೀಲಿ ಇದ್ದರೆ ಹೆಣ್ಣು ಕಂದು ಇರಬಹುದು. ಬೇರೆ ಬೇರೆ ಪ್ರಭೇದಗಳು ಅವಳಿಗಳ ಹಾಗೆ ಕಾಣಬಹುದು. ಹಾಗಾಗಿ ನಬೊಕೊವ್ ಗಂಡು ಚಿಟ್ಟೆಯ ಜನನಾಂಗವನ್ನು ಬಿಡಿಸಿ ಮೈಕ್ರೋಸ್ಕೋಪ್ ಕೆಳಗೆ ಇಡ್ತಿದ್ರು. ಅದು ಕೊಕ್ಕೆ, ಮುಳ್ಳು, ಬಾಗು ಇರೋ ಗಟ್ಟಿ ರಚನೆ, ಒಂದೊಂದು ಪ್ರಭೇದಕ್ಕೆ ಒಂದೊಂದು ಆಕಾರ. ಹೊರಗಿನಿಂದ ಒಂದೇ ಥರ ಕಾಣೋ ಎರಡು ಬೀಗದ ಕೈಗಳನ್ನು ಹಲ್ಲು ನೋಡಿ ಬೇರೆ ಮಾಡ್ತೀವಲ್ಲ, ಹಾಗೆ. ಆ ರಚನೆಯ ಸಣ್ಣ ಸಣ್ಣ ಭಾಗಗಳನ್ನು ಅಳತೆ ಮಾಡಿ, ಹೆಸರಿಲ್ಲದ ಭಾಗಗಳಿಗೆ ತಾವೇ ಹೆಸರಿಟ್ಟು, ನೂರಾರು ಚಿತ್ರ ಬಿಡಿಸಿದರು.

ಇನ್ನೊಂದು ಕೆಲಸ ಎಂಜಿನಿಯರಿಂಗ್ ಓದೋರಿಗೆ ಖಂಡಿತ ಇಷ್ಟ ಆಗುತ್ತೆ. ಚಿಟ್ಟೆಯ ರೆಕ್ಕೆ ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತಲ್ಲ, ಅದು ಬರೀ ಪುಡಿ ಅಲ್ಲ. ಮನೆಯ ಮೇಲೆ ಹಂಚು ಹೊದಿಸಿದ ಹಾಗೆ ಸಾಲು ಸಾಲಾಗಿ ಕೂತಿರೋ ಸ್ಕೇಲ್‌ಗಳು. ರೆಕ್ಕೆಯ ಮೇಲಿನ ಚಿತ್ತಾರ ಪೂರ್ತಿ ಈ ಸ್ಕೇಲ್‌ಗಳಿಂದಲೇ ಆಗಿರೋದು, ಸ್ಕ್ರೀನ್ ಮೇಲಿನ ಚಿತ್ರ ಪಿಕ್ಸೆಲ್‌ಗಳಿಂದ ಆಗಿರೋ ಹಾಗೆ. ಆವರೆಗೆ ಹೆಚ್ಚಿನವರು ಚುಕ್ಕೆ ರೆಕ್ಕೆಯ ಅಂಚಿಗೆ ಹತ್ತಿರ ಇದೆ, ಸ್ವಲ್ಪ ಒಳಗಿದೆ ಅಂತ ಅಂದಾಜಿನಲ್ಲಿ ಬರೀತಿದ್ರು. ನಬೊಕೊವ್ ರೆಕ್ಕೆಯ ಬುಡದಿಂದ ಸ್ಕೇಲ್‌ಗಳ ಸಾಲು ಎಣಿಸೋಕೆ ಶುರು ಮಾಡಿದರು. ಚುಕ್ಕೆ ಎಷ್ಟನೇ ಸಾಲಿನಲ್ಲಿದೆ, ಎಷ್ಟು ಸಾಲು ಅಗಲ ಇದೆ ಅಂತ ಸಂಖ್ಯೆಯಲ್ಲಿ ಹೇಳಿದರು. ಅಂದ್ರೆ ರೆಕ್ಕೆಯ ಮೇಲೆ ಒಂದು ಕೋಆರ್ಡಿನೇಟ್ ಸಿಸ್ಟಂ. ನೂರಾರು ಸ್ಪೆಸಿಮೆನ್, ಪ್ರತಿಯೊಂದರಲ್ಲೂ ಎಣಿಕೆ, ಎಲ್ಲವೂ ಕೈಯಲ್ಲಿ. ಕಂಪ್ಯೂಟರ್ ಇಲ್ಲ, ಇಮೇಜ್ ಪ್ರೊಸೆಸಿಂಗ್ ಇಲ್ಲ.

ಈ ಕೆಲಸದ ನಡುವೆ ಸಿಕ್ಕ ಒಂದು ಚಿಟ್ಟೆ ಈಗ ಅವರ ಹೆಸರಿನ ಜೊತೆಗೇ ಸೇರಿಹೋಗಿದೆ. ನ್ಯೂಯಾರ್ಕ್ ರಾಜ್ಯದ ಕಾರ್ನರ್ ಅನ್ನೋ ಜಾಗದಿಂದ ಬಹಳ ಹಿಂದೆ ಹಿಡಿದ ಕೆಲವು ನೀಲಿ ಚಿಟ್ಟೆಗಳು ಮ್ಯೂಸಿಯಂನ ಡ್ರಾಯರ್‌ನಲ್ಲಿದ್ದವು. ಅವಕ್ಕೆ ಬೇರೊಂದು ಚಿಟ್ಟೆಯ ಹೆಸರಿನ ಚೀಟಿ ಇತ್ತು. ನಬೊಕೊವ್ ಅವನ್ನು ಪರೀಕ್ಷಿಸಿ ಇದು ಬೇರೆಯೇ ಅಂತ ತೋರಿಸಿ ‘ಸಾಮ್ಯುಯೆಲಿಸ್’ ಅಂತ ಹೆಸರಿಟ್ಟರು. ಅದೇ ಇವತ್ತಿನ ಕಾರ್ನರ್ ಬ್ಲೂ. ಅದರ ಕಂಬಳಿಹುಳು ಕಾಡು ಲೂಪಿನ್ ಅನ್ನೋ ಒಂದೇ ಗಿಡದ ಎಲೆ ತಿನ್ನುತ್ತೆ. ಗಿಡ ಹೋದರೆ ಚಿಟ್ಟೆಯೂ ಹೋಯ್ತು. ರಸ್ತೆ, ಕಟ್ಟಡ ಬಂದು ಲೂಪಿನ್ ಬೆಳೆಯೋ ಮರಳುನೆಲ ಕಡಿಮೆ ಆಗ್ತಾ ಹೋಯ್ತು. 1992ರಲ್ಲಿ ಅಮೆರಿಕ ಸರ್ಕಾರ ಕಾರ್ನರ್ ಬ್ಲೂವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಚಿಟ್ಟೆಗೆ ಸರಿಯಾದ ಹೆಸರು ಇಡೋದು ಬರೀ ಪಂಡಿತರ ಆಟ ಅನ್ನೋರು ಇದನ್ನು ಗಮನಿಸಬೇಕು. ಅದು ಬೇರೆ ಅಂತ ಯಾರೂ ಗುರುತಿಸದೇ ಇದ್ದಿದ್ರೆ, ಎಲ್ಲ ಕಡೆ ಸಿಗೋ ನೀಲಿ ಚಿಟ್ಟೆ ತಾನೇ ಅಂತ ಎಲ್ಲರೂ ಸುಮ್ಮನಿರ್ತಿದ್ರು. ಹೆಸರು ಇದ್ದಿದ್ದಕ್ಕೆ ಅದು ಕಮ್ಮಿ ಆಗ್ತಿರೋದು ಲೆಕ್ಕಕ್ಕೆ ಬಂತು.

ಇನ್ನು 1945ರ ಊಹೆ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲೂ ನೀಲಿ ಚಿಟ್ಟೆಗಳಿವೆ. ನಬೊಕೊವ್ ಅಲ್ಲಿಗೆ ಯಾವತ್ತೂ ಹೋದವರಲ್ಲ. ಮ್ಯೂಸಿಯಂಗಳಲ್ಲಿದ್ದ ನೂರಿಪ್ಪತ್ತರಷ್ಟು ಸ್ಪೆಸಿಮೆನ್ ನೋಡಿ, ಆ ಬಳಗವನ್ನು ಹೊಸದಾಗಿ ವಿಂಗಡಿಸಿದರು. ಆಮೇಲೆ ಇವು ಅಲ್ಲಿಗೆ ಬಂದದ್ದು ಹೇಗೆ ಅಂತ ಯೋಚಿಸಿದರು. ಟೈಮ್ ಮಷಿನ್ ಹತ್ತಿ ಹಿಂದಕ್ಕೆ ಹೋಗುವ ಒಬ್ಬ ವಿಜ್ಞಾನಿಯನ್ನು ಕಲ್ಪಿಸಿಕೊಂಡು ಬರೆದರು. ಅವರ ಊಹೆ ಇಷ್ಟು: ಈ ಚಿಟ್ಟೆಗಳ ಪೂರ್ವಜರು ಏಷ್ಯಾದವು. ಸೈಬೀರಿಯಾ ಮತ್ತು ಅಲಾಸ್ಕಾ ನಡುವಿನ ಬೇರಿಂಗ್ ದಾರಿಯಿಂದ ಅಮೆರಿಕಕ್ಕೆ ಬಂದವು. ಒಂದೇ ಸಲ ಅಲ್ಲ, ಲಕ್ಷಾಂತರ ವರ್ಷಗಳ ಅಂತರದಲ್ಲಿ ಐದು ಅಲೆಗಳಾಗಿ ಬಂದವು. ಮೊದಲು ಬಂದವು ಕೆಳಗೆ ಚಿಲಿಯವರೆಗೂ ಇಳಿದವು.

ಆಗ ಇದನ್ನು ಹೆಚ್ಚು ಜನ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮುಂದೆ ಅವರು ಹೆಸರಾಂತ ಲೇಖಕರಾದ ಮೇಲಂತೂ, ಕಾದಂಬರಿಕಾರರ ಒಂದು ಶೋಕಿ ಅಂತ ಪಕ್ಕಕ್ಕಿಟ್ಟವರೇ ಹೆಚ್ಚು. ಅವರು ಹೇಳಿದ್ದೆಲ್ಲ ಸರಿಯೂ ಆಗಿರಲಿಲ್ಲ. ಫ್ರಾನ್ಸಿನ ಬೆಟ್ಟದಲ್ಲಿ 1938ರಲ್ಲಿ ಹಿಡಿದು, 1941ರಲ್ಲಿ ‘ಕಾರ್ಮಿಯಾನ್’ ಅಂತ ಹೆಸರಿಟ್ಟ ಒಂದು ನೀಲಿ ಚಿಟ್ಟೆ, ಎರಡು ಬೇರೆ ಪ್ರಭೇದಗಳು ಕೂಡಿ ಹುಟ್ಟಿದ ಹೈಬ್ರಿಡ್ ಅಂತ ಆಮೇಲೆ ಗೊತ್ತಾಯ್ತು. ಒಂದು ಚಿಟ್ಟೆ ಇನ್ನೊಂದರ ಹಾಗೆ ವೇಷ ಹಾಕೋದಕ್ಕೆ ಡಾರ್ವಿನ್‌ನ ನೈಸರ್ಗಿಕ ಆಯ್ಕೆ ಒಂದೇ ಸಾಕಾಗೋದಿಲ್ಲ ಅಂತ ಅವರು ನಂಬಿದ್ದರು, ಅದನ್ನೂ ಇವತ್ತಿನ ವಿಜ್ಞಾನಿಗಳು ಒಪ್ಪೋದಿಲ್ಲ. ಹಾಗಾಗಿ ಅವರನ್ನು ಎಲ್ಲ ಗೊತ್ತಿದ್ದ ಮೇಧಾವಿ ಅಂತ ಮೆರವಣಿಗೆ ಮಾಡೋದು ಬೇಡ. ಅವರ ಬಲ ಇದ್ದದ್ದು ಕೂತು ನೋಡೋದರಲ್ಲಿ, ನೋಡಿದ್ದನ್ನು ಇನ್ನೊಬ್ಬರು ಪರೀಕ್ಷಿಸೋ ಹಾಗೆ ಬರೆದಿಡೋದರಲ್ಲಿ.

1948ರಲ್ಲಿ ಕಾರ್ನೆಲ್‌ನಲ್ಲಿ ಸಾಹಿತ್ಯದ ಪ್ರೊಫೆಸರ್ ಕೆಲಸ ಸಿಕ್ಕಿತು. ಹಾರ್ವರ್ಡ್‌ನ ಮೈಕ್ರೋಸ್ಕೋಪ್ ಬಿಟ್ಟರು. ಬೇಸಿಗೆ ರಜೆ ಮಾತ್ರ ಚಿಟ್ಟೆಗೇ ಮೀಸಲು. ವೆರಾ ಕಾರು ಓಡಿಸ್ತಿದ್ರು, ಇವರು ಪಕ್ಕದಲ್ಲಿ ಕೂರ್ತಿದ್ರು. ಹಗಲು ಬಲೆ, ಮಳೆ ಬಂದಾಗ ಅಥವಾ ರಾತ್ರಿ ಸಣ್ಣ ಕಾರ್ಡ್‌ಗಳ ಮೇಲೆ ಕಾದಂಬರಿ. ‘ಲೋಲಿಟಾ’ದ ಎಷ್ಟೋ ಭಾಗ ಹೀಗೆ ಚಿಟ್ಟೆ ಹುಡುಕಿ ಹೋದ ಊರುಗಳಲ್ಲೇ ಬರೆದದ್ದು. ಒಮ್ಮೆ ಬೇಸರದಲ್ಲಿ ಹಸ್ತಪ್ರತಿಯನ್ನು ಸುಟ್ಟುಹಾಕೋಕೆ ಹೊರಟಾಗ ವೆರಾ ತಡೆದರು. 1951ರಲ್ಲಿ ಕೊಲರಾಡೋದ ಟೆಲ್ಯುರೈಡ್ ಊರಿಗೆ ಹೋಗಿದ್ದರು. ಅದಕ್ಕೂ ಮೊದಲು ಬರೀ ಗಂಡು ಸ್ಪೆಸಿಮೆನ್‌ಗಳಿಂದ ಅವರೇ ವರ್ಣಿಸಿದ್ದ ಒಂದು ನೀಲಿ ಚಿಟ್ಟೆ ಇತ್ತು. ಅದರ ಹೆಣ್ಣನ್ನು ಯಾರೂ ಕಂಡಿರಲಿಲ್ಲ. ಅಲ್ಲಿನ ಬೆಟ್ಟದ ಇಳಿಜಾರಿನಲ್ಲಿ ಅದು ಅವರಿಗೇ ಸಿಕ್ಕಿತು.

1955ರಲ್ಲಿ ಪ್ಯಾರಿಸ್‌ನಲ್ಲಿ, 1958ರಲ್ಲಿ ಅಮೆರಿಕದಲ್ಲಿ ‘ಲೋಲಿಟಾ’ ಬಂತು. ದುಡ್ಡೂ ಬಂತು. ಪಾಠ ಮಾಡೋದು ಬಿಟ್ಟು, 1961ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿನ ಒಂದು ಹೋಟೆಲಿನಲ್ಲಿ ನೆಲೆಸಿದರು. ಸ್ವಂತ ಮನೆ ಅಂತ ಕೊನೆಯವರೆಗೂ ಕೊಳ್ಳಲಿಲ್ಲ. ಆಲ್ಪ್ಸ್ ಬೆಟ್ಟ ಹತ್ತಿರ ಇತ್ತು, ಅಷ್ಟು ಸಾಕಾಗಿತ್ತು. ಯುರೋಪಿನ ಎಲ್ಲ ಚಿಟ್ಟೆಗಳ ಬಗ್ಗೆ ಒಂದು ದೊಡ್ಡ ಸಚಿತ್ರ ಪುಸ್ತಕ ಮಾಡಬೇಕು ಅಂತ ಹೊರಟರು, ಅದು ಅರ್ಧಕ್ಕೇ ನಿಂತಿತು. ಹಳೆಯ ಚಿತ್ರಕಲೆಯಲ್ಲಿರೋ ಚಿಟ್ಟೆಗಳ ಬಗ್ಗೆ ಯೋಚಿಸಿದ ಪುಸ್ತಕವೂ ಮುಗಿಯಲಿಲ್ಲ.

1975ರಲ್ಲಿ, 76ನೇ ವಯಸ್ಸಿನಲ್ಲಿ, ದಾವೋಸ್ ಹತ್ತಿರ ಚಿಟ್ಟೆ ಹಿಂದೆ ಹೋಗಿ ಕಡಿದಾದ ಇಳಿಜಾರಿನಲ್ಲಿ ಜಾರಿಬಿದ್ದರು. ಆಮೇಲೆ ಆರೋಗ್ಯ ಮೊದಲಿನ ಹಾಗೆ ಆಗಲೇ ಇಲ್ಲ. 1977ರ ಜುಲೈ 2ರಂದು ಲೊಸಾನ್‌ನಲ್ಲಿ ತೀರಿಕೊಂಡರು. ಅದಕ್ಕೂ ಸ್ವಲ್ಪ ದಿನ ಮೊದಲು ಮಗ ದ್ಮಿತ್ರಿ ವಿದಾಯ ಹೇಳೋಕೆ ಹೋದಾಗ ಅಪ್ಪನ ಕಣ್ಣಲ್ಲಿ ನೀರು ಬಂತು. ಯಾಕೆ ಅಂತ ಕೇಳಿದಾಗ, ಒಂದು ಚಿಟ್ಟೆಯ ಕಾಲ ಬಂದಿದೆ, ಅದು ಈಗಾಗಲೇ ಹಾರ್ತಿರಬೇಕು ಅಂದರಂತೆ. ಅದನ್ನು ಇನ್ನು ತಾವು ನೋಡೋದಿಲ್ಲ ಅಂತ ಅವರಿಗೆ ಗೊತ್ತಿತ್ತು. ಯುರೋಪಿಗೆ ಮರಳಿದ ಮೇಲೆ ಕೂಡಿಸಿದ 4 ಸಾವಿರಕ್ಕೂ ಹೆಚ್ಚು ಚಿಟ್ಟೆಗಳು ಇವತ್ತು ಲೊಸಾನ್‌ನ ಮ್ಯೂಸಿಯಂನಲ್ಲಿವೆ.

ಅವರು ಹೋದ ಮೇಲೆ ಕಥೆ ಮುಂದುವರಿಯಿತು. 1990ರ ಆಸುಪಾಸಿನಲ್ಲಿ ಕರ್ಟ್ ಜಾನ್ಸನ್, ಝೋಲ್ಟ್ ಬಾಲಿಂಟ್ ಮೊದಲಾದ ಚಿಟ್ಟೆ ತಜ್ಞರು ದಕ್ಷಿಣ ಅಮೆರಿಕದ ನೀಲಿ ಚಿಟ್ಟೆಗಳನ್ನು ಮತ್ತೆ ಪರಿಶೀಲಿಸಿದರು. ಹೊಸ ಹೊಸ ಪ್ರಭೇದ ಸಿಕ್ಕಿದ ಹಾಗೆಲ್ಲ ಅವು ನಬೊಕೊವ್ ಮಾಡಿಟ್ಟ ವಿಂಗಡಣೆಯೊಳಗೆ ಸರಿಯಾಗಿ ಕೂತವು. ಗೌರವಕ್ಕಾಗಿ ಕೆಲವಕ್ಕೆ ನಬೊಕೊವ್ ಕಾದಂಬರಿಗಳಿಂದ ಹೆಸರು ಆರಿಸಿದರು, ಒಂದಕ್ಕೆ ‘ಲೋಲಿಟಾ’ ಅಂತಲೇ ಇಟ್ಟರು. ಆಮೇಲೆ ಹಾರ್ವರ್ಡ್‌ನ ಅದೇ ಮ್ಯೂಸಿಯಂನ ನವೋಮಿ ಪಿಯರ್ಸ್, ರೋಜರ್ ವಿಲಾ ಮತ್ತು ಅವರ ತಂಡ ಆಂಡೀಸ್‌ನಿಂದ ಚಿಟ್ಟೆ ತಂದು ಜೀನ್‌ಗಳನ್ನು ಹೋಲಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿದ್ದು: ಹೌದು, ಏಷ್ಯಾದಿಂದಲೇ ಬಂದವು. ಬೇರಿಂಗ್ ದಾರಿಯಿಂದಲೇ ಬಂದವು. ಐದು ಅಲೆಗಳಲ್ಲೇ ಬಂದವು. ಮೊದಲ ಅಲೆ ಸುಮಾರು 1.1 ಕೋಟಿ ವರ್ಷಗಳ ಹಿಂದೆ. ಮೊದಲು ಬಂದ ಗುಂಪು ಬೆಚ್ಚಗಿನ ಹವೆಗೆ, ಆಮೇಲೆ ಬಂದವು ಚಳಿಗೆ ಹೊಂದಿಕೊಂಡಿದ್ದವು. ಬೇರಿಂಗ್ ಪ್ರದೇಶ ತಣ್ಣಗಾಗ್ತಾ ಹೋದ ಕ್ರಮಕ್ಕೂ ಅದು ಹೊಂದಿಕೆಯಾಯ್ತು.

ಇದನ್ನು ಓದಿದಾಗ ನನಗೆ ತುಂಬಾ ಇಷ್ಟವಾದದ್ದು ಐದು ಅನ್ನೋ ಸಂಖ್ಯೆ. ಸುಮಾರಾಗಿ ಏಷ್ಯಾದಿಂದ ಬಂದಿರಬಹುದು ಅಂತ ಹೇಳಿ ಸುಮ್ಮನಾಗಬಹುದಿತ್ತು. ಅದು ತಪ್ಪಾದರೂ ಯಾರೂ ಹಿಡೀತಿರಲಿಲ್ಲ. ಅವರು ಐದು ಅಂದರು. ಆರು ಅಂತ ಬಂದಿದ್ರೆ ತಪ್ಪು ಅಂತ ಹೇಳೋಕೆ ಅವಕಾಶ ಕೊಟ್ಟೇ ಬರೆದರು. ನಮ್ಮ ಲ್ಯಾಬ್ ರೆಕಾರ್ಡ್‌ಗಳಲ್ಲಿ ಎಷ್ಟೋ ಸಲ ಉತ್ತರ ಮೊದಲೇ ಗೊತ್ತಿದ್ದು ರೀಡಿಂಗ್ ಆಮೇಲೆ ಬರುತ್ತೆ. ಇಲ್ಲಿ ಮಾರ್ಕ್ಸ್ ಇಲ್ಲ, ವೈವಾ ಇಲ್ಲ, ಕೇಳೋರೂ ಇಲ್ಲ. ಆದರೂ ರೀಡಿಂಗ್ ಪ್ರಾಮಾಣಿಕವಾಗಿತ್ತು. ಹವ್ಯಾಸ ಅಂದ್ರೆ ಟೈಂಪಾಸ್, ಕೆಲಸ ಅಂದ್ರೆ ಶಿಸ್ತು ಅಂತ ನಾವು ಮಾಡಿಕೊಂಡಿರೋ ಭಾಗ ಅವರಿಗೆ ಇರಲಿಲ್ಲ. ಇದರಿಂದ ಪ್ಲೇಸ್‌ಮೆಂಟ್‌ಗೆ ಏನು ಉಪಯೋಗ ಅಂತ ಕೇಳೋರಿಗೆ ನಬೊಕೊವ್ ಜೀವನದಲ್ಲಿ ಉತ್ತರ ಸಿಗೋದಿಲ್ಲ. ಚಿಟ್ಟೆಯಿಂದ ಅವರಿಗೆ ಬಂದದ್ದು ಸಣ್ಣ ಸಂಬಳ ಮತ್ತು ಹಾಳಾದ ಕಣ್ಣು. ಆದರೆ ತಮ್ಮ ಬದುಕಿನ ತುಂಬಾ ಖುಷಿಯ ವರ್ಷಗಳಲ್ಲಿ ಆ ಮ್ಯೂಸಿಯಂನ ವರ್ಷಗಳೂ ಸೇರಿದ್ದವು ಅಂತ ಅವರೇ ಮುಂದೆ ನೆನೆಸಿಕೊಳ್ತಿದ್ರು.

ಇವತ್ತು ನಮಗೆ ಬಲೆ, ಗುಂಡುಸೂಜಿ ಬೇಡ. ಚಿಟ್ಟೆ ಕೊಲ್ಲೋದೂ ಬೇಡ. ಫೋನ್ ಕ್ಯಾಮೆರಾ ಸಾಕು. ನಮ್ಮ ಹುಲ್ಲಿನ ನೀಲಿ ಚಿಟ್ಟೆಗಳು, ಅಂದ್ರೆ ಗ್ರಾಸ್ ಬ್ಲೂಗಳು, ನಬೊಕೊವ್ ನೋಡಿದ ಬಳಗದ ದೂರದ ನೆಂಟರೇ. ಅವನ್ನು ಗುರುತಿಸೋಕೆ ರೆಕ್ಕೆ ಮುಚ್ಚಿ ಕೂತಾಗ ಕಾಣೋ ಕೆಳಭಾಗದ ಫೋಟೋ ಬೇಕು, ಮೇಲಿನ ನೀಲಿ ಬಣ್ಣದಿಂದ ಹೆಚ್ಚೇನೂ ಗೊತ್ತಾಗಲ್ಲ. ಮುಂದಿನ ರೆಕ್ಕೆಯ ಕೆಳಭಾಗ ನೋಡಿ. ಅದರ ಒಳಭಾಗದಲ್ಲಿ, ಚುಕ್ಕೆಗಳ ಸಾಲಿನಿಂದ ಬೇರೆಯಾಗಿ ರೆಕ್ಕೆಯ ಬುಡದ ಕಡೆಗೆ ಒಂದು ಒಂಟಿ ಚುಕ್ಕೆ ಇದ್ದರೆ ಅದು ಪೇಲ್ ಗ್ರಾಸ್ ಬ್ಲೂ ಅಥವಾ ಡಾರ್ಕ್ ಗ್ರಾಸ್ ಬ್ಲೂ ಇರಬಹುದು. ಆ ಚುಕ್ಕೆ ಇಲ್ಲದಿದ್ದರೆ ಲೆಸ್ಸರ್ ಗ್ರಾಸ್ ಬ್ಲೂ ಕಡೆ ಯೋಚಿಸಿ. ಒಂದೇ ಚುಕ್ಕೆ, ಆದರೆ ಪ್ರಭೇದ ಅಷ್ಟೇ ಅಲ್ಲ, ಕುಲವೇ ಬದಲಾಗುತ್ತೆ. ಫೋಟೋ ಜೊತೆ ದಿನಾಂಕ, ಜಾಗ, ಯಾವ ಗಿಡದ ಮೇಲಿತ್ತು ಅನ್ನೋದನ್ನು ಬರೆದಿಡಿ. ಫೋಟೋದಲ್ಲಿ ಚುಕ್ಕೆ ಸ್ಪಷ್ಟವಾಗಿ ಕಾಣದಿದ್ದರೆ ಊಹೆ ಮಾಡಿ ಹೆಸರು ಹಾಕಬೇಡಿ, ಗ್ರಾಸ್ ಬ್ಲೂ ಅಂತಷ್ಟೇ ಬರೆದು ಬಿಡಿ.

ಬೆಳಗಿನ ಮೊದಲ ಕ್ಲಾಸಿಗೆ ಹೋಗುವ ಹೊತ್ತಿಗೆ ಬಿಸಿಲು ಹುಲ್ಲಿನ ಮೇಲೆ ಬಿದ್ದಿರುತ್ತೆ, ಅವೂ ಆಗಲೇ ಹೊರಗೆ ಬಂದಿರುತ್ತವೆ. ನೆರಳು ಅವುಗಳ ಮೇಲೆ ಬೀಳದ ಹಾಗೆ ಕುಕ್ಕರಗಾಲಿನಲ್ಲಿ ಕೂತು, ಮೆಲ್ಲಗೆ ಹತ್ತಿರ ಹೋಗಿ. ಫೋಟೋ ಚೆನ್ನಾಗಿ ಬಂದರೆ ಕನ್ನಡ ಸಂಘದ ಗ್ರೂಪ್‌ಗೂ ಒಂದು ಕಳಿಸಿ, ಚುಕ್ಕೆ ಎಲ್ಲರೂ ಸೇರಿ ಎಣಿಸೋಣ.